ಕೇರಾಫ್ 56 ಎ.ಪಿ.ಓ.

ಈ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್... ಅದು ಮುಗೀತು ಅನ್ನೋ ಹೊತ್ತಿಗೆ ಬಂಗಾರಪೇಟೆಯಿಂದ ಅಪ್ಪನ ಫೋನು. "ಮನೆಗೆ ಸುಣ್ಣ ಬಳಿಸ್ತಿದ್ದೀನಿ, ಅಟ್ಟದ ಸಾಮಾನು ಇಳಿಸ್ಬೇಕು. ಶನಿವಾರ ಬಾ" ಅಂದ್ರು. ಹೋದೆ. ಅಟ್ಟದಿಂದ ಇಳಿದ ಸಾಮಾನಿನಲ್ಲಿ ಅಜ್ಜಿಯ ಕಬ್ಬಿಣದ ಟ್ರಂಕೂ ಇತ್ತು. ಅಜ್ಜಿ ತೀರಿಕೊಂಡು ಆರು ವರ್ಷವಾದರೂ ಅದನ್ನು ಯಾರೂ ತೆಗೆದಿರಲಿಲ್ಲ. ಒಳಗೆ ಎರಡು ರೇಷ್ಮೆ ಸೀರೆ, ತಾತನ ಗಣಿ ಕೆಲಸದ ಕಾಗದಪತ್ರ, ಅದರ ಕೆಳಗೆ ಹಳೇ ಸೀರೆಯ ಅಂಚಿನಲ್ಲಿ ಕಟ್ಟಿದ್ದ ಒಂದು ಕಂತೆ ಇನ್‌ಲ್ಯಾಂಡ್ ಲೆಟರು.

ಎಲ್ಲವೂ ದೊಡ್ಡಪ್ಪ ಬರೆದವು. 1987ರ ಆಗಸ್ಟ್‌ನಿಂದ 1989ರವರೆಗೆ. ಹಿಂಭಾಗದಲ್ಲಿ ಕಳಿಸಿದವರ ವಿಳಾಸ ಅಂತ ಒಂದು ನಂಬರು, ಹೆಸರು, ರೆಜಿಮೆಂಟು, ಆಮೇಲೆ "ಕೇರಾಫ್ 56 ಎ.ಪಿ.ಓ." ಅಷ್ಟೇ. ಊರಿಲ್ಲ, ಜಿಲ್ಲೆಯಿಲ್ಲ, ದೇಶವೂ ಇಲ್ಲ.

ಚಿಕ್ಕವನಾಗಿದ್ದಾಗ ಒಂದು ಸಲ ಈ ಕಂತೆ ನೋಡಿ, 56 ಎ.ಪಿ.ಓ. ಅನ್ನೋ ಊರು ಎಲ್ಲಿದೆ ಅಂತ ಶಾಲೆಯ ಅಟ್ಲಾಸಿನಲ್ಲಿ ಹುಡುಕಿದ್ದೆ. ಅಪ್ಪ ನಕ್ಕು, "ಅದು ಊರಲ್ಲ ಕಣೋ" ಅಂದಿದ್ರು. ಊರಲ್ಲದಿದ್ದರೆ ಮತ್ತೇನು? ಆಗ ಕೇಳಲಿಲ್ಲ. ಈ ಸಲ ಸುಣ್ಣದ ವಾಸನೆ ತಡೆಯಲಾರದೆ ಜಗಲಿ ಮೇಲೆ ಕೂತು ಒಂದೊಂದೇ ಕಾಗದ ಬಿಡಿಸುತ್ತಾ ಹೋದೆ. ಬೆಂಗಳೂರಿಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ಒಂದಷ್ಟು ಓದಿದೆ, ದೊಡ್ಡಪ್ಪನನ್ನು ಕಂಡು ಮಾತಾಡಿಸಿದೆ. ಈ ಬರಹ ಹುಟ್ಟಿದ್ದು ಹಾಗೆ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ :-)

ಊರಿಲ್ಲದ ವಿಳಾಸ

ಎ.ಪಿ.ಓ. ಅಂದ್ರೆ ಆರ್ಮಿ ಪೋಸ್ಟ್ ಆಫೀಸ್. 56 ಎ.ಪಿ.ಓ. ಶುರುವಾಗಿದ್ದು 1948ರ ಜುಲೈ 15ರಂದು, ಕಾಶ್ಮೀರದಲ್ಲಿ ಯುದ್ಧ ನಡೀತಿದ್ದಾಗ. 1962ರ ಚೀನಾ ಯುದ್ಧದ ಕಾಲಕ್ಕೆ ಪೂರ್ವದ ಕಡೆಯವರಿಗಾಗಿ 99 ಎ.ಪಿ.ಓ. ಕೂಡ ಬಂತು. 56ರ ಕಾಗದಗಳು ದೆಹಲಿಯ ಸೇನಾ ಅಂಚೆ ಕೇಂದ್ರಕ್ಕೂ 99ರ ಕಾಗದಗಳು ಕಲ್ಕತ್ತದ ಕೇಂದ್ರಕ್ಕೂ ಹೋಗುತ್ತವೆ. ಯಾವ ದಳ ಈಗ ಎಲ್ಲಿದೆ ಅನ್ನೋದು ಆ ಕೇಂದ್ರಕ್ಕೆ ಗೊತ್ತಿರುತ್ತೆ. ಅಲ್ಲಿಂದ ಚೀಲ ಕಟ್ಟಿ ಆ ದಳದ ಜೊತೆಯಲ್ಲೇ ತಿರುಗುವ ಫೀಲ್ಡ್ ಪೋಸ್ಟ್ ಆಫೀಸಿಗೆ ಕಳಿಸುತ್ತಾರೆ. ಅದಕ್ಕೂ ಊರಿನ ಹೆಸರಿಲ್ಲ, ಬರೀ ನಂಬರು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಪಾಯಿಂಟರ್. ಸೈನಿಕ ಲಡಾಖಿನಲ್ಲಿರಲಿ, ಸಮುದ್ರದಾಚೆ ಇರಲಿ, ಮನೆಯವರು ಬರೆಯೋ ವಿಳಾಸ ಬದಲಾಗೋದಿಲ್ಲ. ಅದು ಯಾವ ಜಾಗವನ್ನು ತೋರಿಸುತ್ತೆ ಅನ್ನೋದು ಒಳಗಿನವರಿಗೆ ಮಾತ್ರ ಗೊತ್ತು. ಕಾಗದ ಯಾರ ಕೈಗೆ ಸಿಕ್ಕಿದರೂ ದಳ ಎಲ್ಲಿದೆ ಅಂತ ತಿಳಿಯಬಾರದು ಅನ್ನೋದೇ ಉದ್ದೇಶ. ಒಳ್ಳೇ ಡಿಸೈನು. ಆದರೆ ಶತ್ರುವಿಗೆ ತಿಳಿಯಬಾರದ್ದು ತಾಯಿಗೂ ತಿಳಿಯೋದಿಲ್ಲ.

ಬಿಚ್ಚಿ ಓದುವವರು

ಸೈನಿಕರ ಕಾಗದಕ್ಕೆ ಕಾವಲು ಹಾಕೋದು ಹೊಸದೇನಲ್ಲ. ಮೊದಲನೇ ಮಹಾಯುದ್ಧದಲ್ಲಿ, 1914-15ರಲ್ಲಿ, ನಮ್ಮ ದೇಶದ ಸುಮಾರು 1 ಲಕ್ಷ 38 ಸಾವಿರ ಮಂದಿ ಫ್ರಾನ್ಸಿಗೆ ಹೋದರು. ಅವರು ಬರೆಯುತ್ತಿದ್ದ ಕಾಗದ ವಾರಕ್ಕೆ 10ರಿಂದ 20 ಸಾವಿರ. ಬಹಳಷ್ಟು ಜನಕ್ಕೆ ಓದು ಬರಹ ಇಲ್ಲ. ದಳದಲ್ಲಿ ಅಕ್ಷರ ಬಲ್ಲ ಒಬ್ಬ ಕೂತು ಹತ್ತಾರು ಮಂದಿಯದ್ದು ಬರೆಯಬೇಕು. ಊರಲ್ಲೂ ಹಾಗೇ, ಬಂದ ಕಾಗದವನ್ನು ಓದಿ ಹೇಳೋಕೆ ಇನ್ನೊಬ್ಬ ಬೇಕು. ಗಂಡ ಹೆಂಡತಿ ನಡುವಿನ ಮಾತಿಗೆ ಕನಿಷ್ಠ ಇಬ್ಬರು ಮಧ್ಯಸ್ಥರು!

ಮೂರನೆಯವನು ಸೆನ್ಸಾರ್. ಬೊಲೋನ್ ಬಂದರಿನಲ್ಲಿ ಇವೆಲಿನ್ ಹಾವೆಲ್ ಅನ್ನೋ ಅಧಿಕಾರಿಯ ಕೈಕೆಳಗೆ ಭಾರತೀಯರ ಕಾಗದ ಓದಲೆಂದೇ ಒಂದು ಕಚೇರಿ ಇತ್ತು. ಅಲ್ಲಿ ಕಾಗದಗಳ ತುಣುಕುಗಳನ್ನು ಇಂಗ್ಲಿಷಿಗೆ ಅನುವಾದಿಸಿ ಸರ್ಕಾರಕ್ಕೆ ವರದಿ ಕಳಿಸುತ್ತಿದ್ದರು. ತಮಾಷೆ ನೋಡಿ, ಎಷ್ಟೋ ಮೂಲ ಕಾಗದಗಳು ಕಳೆದುಹೋದವು, ಸೆನ್ಸಾರ್ ಮಾಡಿಸಿದ ಅನುವಾದ ಮಾತ್ರ ಲಂಡನ್ನಿನಲ್ಲಿ ಉಳೀತು. ಇವತ್ತು ಆ ಸಿಪಾಯಿಗಳ ಮಾತು ನಮಗೆ ಕೇಳಿಸೋದು ಕದ್ದು ಕೇಳಿದವನ ಬಾಯಿಂದಲೇ.

ಸಿಪಾಯಿಗಳಿಗೂ ಇದು ಗೊತ್ತಿತ್ತು. ಕರಿಮೆಣಸು, ಕೆಂಪು ಮೆಣಸಿನಕಾಯಿ ಅಂತ ಬರೀತಿದ್ದರು. ಅಡುಗೆ ವಿಷಯ ಅಲ್ಲ ಅದು. ಕರಿಮೆಣಸು ಅಂದ್ರೆ ನಮ್ಮವರು, ಕೆಂಪು ಅಂದ್ರೆ ಬಿಳಿಯರು. ಯಾವುದು ಮುಗೀತಾ ಬಂತು, ಯಾವುದು ಇನ್ನೂ ಉಳಿದಿದೆ ಅಂದ್ರೆ ಊರಿನವರಿಗೆ ಲೆಕ್ಕ ತಿಳೀತಿತ್ತು. ಸೆನ್ಸಾರ್‌ಗೂ ತಿಳೀತಿತ್ತು ಅನ್ನೋದು ಬೇರೆ ಮಾತು.

ನಮ್ಮ ಮೈಸೂರಿನವರು ಹೋಗಿದ್ದು ಬೇರೆ ದಿಕ್ಕಿಗೆ. ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಹಡಗು ಹತ್ತಿ ಸೂಯೆಜ್ ಕಡೆಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ದಳಗಳಲ್ಲಿ ಅದೂ ಒಂದು. ದೆಹಲಿಯ ತೀನ್ ಮೂರ್ತಿ ಸರ್ಕಲ್ಲಿನ ಮೂರು ವಿಗ್ರಹಗಳು ಮೈಸೂರು, ಹೈದರಾಬಾದ್, ಜೋಧಪುರದ ಸವಾರರವು. ಹೈಫಾ ಕಾಳಗ ಎಲ್ಲರ ಬಾಯಲ್ಲೂ ಇದೆ. ನನಗೆ ಕಾಡೋದು ಅದರ ಹಿಂದಿನ ನಾಲ್ಕು ವರ್ಷ. ನಾಲ್ಕು ವರ್ಷ ಆ ಮನೆಗಳಲ್ಲಿ ಯಾರು ಯಾರಿಗೆ ಏನು ಬರೆದರು?

ಎರಡನೇ ಯುದ್ಧದಲ್ಲಿ ಇನ್ನೂ ಕಷ್ಟ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಮೈಸೂರು ಸಂಸ್ಥಾನದ ಪದಾತಿ ದಳವೂ ಅಲ್ಲಿತ್ತು. ಒಟ್ಟು 40 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸೆರೆಯಾದರು. ಯುದ್ಧ ಮುಗಿದಿದ್ದು 1945ರ ಆಗಸ್ಟ್‌ನಲ್ಲಿ. ನಡುವಿನ ಮೂರೂವರೆ ವರ್ಷ ಎಷ್ಟೋ ಮನೆಗಳಿಗೆ ಮಗ ಇದ್ದಾನೋ ಇಲ್ಲವೋ ಅನ್ನೋದೇ ತಿಳಿಯಲಿಲ್ಲ. ತಿಥಿ ಮಾಡಬೇಕೋ ಬೇಡವೋ, ಸೊಸೆ ಕುಂಕುಮ ಇಡಬಹುದೋ ಬಾರದೋ... ಇಂಥ ಪ್ರಶ್ನೆಗಳನ್ನು ಯಾವ ಇತಿಹಾಸದ ಪುಸ್ತಕವೂ ಎತ್ತೋದಿಲ್ಲ.

ಚೀಟಿಯ ಮೇಲಿನ ಶಾಂತಿ

ಸ್ವಾತಂತ್ರ್ಯ ಬಂದ ಮೇಲೆ ನಮ್ಮವರು ಸಮುದ್ರ ದಾಟಿದ್ದು ಬಹುತೇಕ ಶಾಂತಿ ಪಾಲನೆಗೆ. 1953ರಲ್ಲಿ ಕೊರಿಯಾಕ್ಕೆ ಹೋದರು. ಅಲ್ಲಿನ ಯುದ್ಧಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗ, 1965ರ ಡಿಸೆಂಬರ್‌ನಲ್ಲಿ, ಅಲ್ಲೇ ತೀರಿಕೊಂಡರು.

ಅಂಚೆ ಚೀಟಿ ಹುಚ್ಚಿನ ಗೆಳೆಯನೊಬ್ಬ ಈ ಕಾಲದ ಚೀಟಿಗಳನ್ನು ತೋರಿಸಿದ. ಕೊರಿಯಾಕ್ಕೆ ಹೋದ ಪಡೆಗೆ ನಮ್ಮದೇ ಚೀಟಿಗಳ ಮೇಲೆ ಹಿಂದಿಯಲ್ಲಿ ಪಡೆಯ ಹೆಸರು ಮುದ್ರಿಸಿ ಕೊಟ್ಟಿದ್ದರು. 1962ರಲ್ಲಿ ಕಾಂಗೋ ಪಡೆಗೆ, 1965ರಲ್ಲಿ ಗಾಜಾದಲ್ಲಿದ್ದ ಪಡೆಗೆ ಕೂಡ ಹೀಗೇ ಹೆಸರು ಒತ್ತಿದ ಚೀಟಿಗಳು. ಗಾಜಾದ್ದು ನೆಹರೂ ನಿಧನದ ಸ್ಮರಣೆಗೆ ಬಂದಿದ್ದ 15 ಪೈಸೆಯ ಚೀಟಿ. ಸಂಗ್ರಹಕಾರರಿಗೆ ಇವು ಅಪರೂಪದ ಮಾಲು. ಮನೆಯವರಿಗೆ ಚೀಟಿಯೇ ಒಂದು ಸುದ್ದಿ. ಮಗ ಎಲ್ಲಿದ್ದಾನೆ ಅಂತ ಅದಾದರೂ ಹೇಳುತ್ತಿತ್ತಲ್ಲ.

ಶಾಂತಿ ಪಾಲನೆ ಅಂದ ಮಾತ್ರಕ್ಕೆ ಹೆದರಿಕೆ ಇಲ್ಲ ಅಂತಲ್ಲ. 1967ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ಯುದ್ಧ ಶುರುವಾದಾಗ ಗಾಜಾದಲ್ಲಿದ್ದ ನಮ್ಮ ಶಾಂತಿಪಾಲಕರಲ್ಲೂ ಹಲವರು ಸತ್ತರು. ಇಪ್ಪತ್ತು ವರ್ಷದ ನಂತರ ಅದೇ ಶಾಂತಿಯ ಹೆಸರಿನಲ್ಲಿ ನಮ್ಮ ದೊಡ್ಡಪ್ಪ ಹೊರಟರು.

ಕಾಯೋದು ಗೊತ್ತಿದ್ದ ಊರು

ಅದಕ್ಕೆ ಮೊದಲು ಊರಿನ ಬಗ್ಗೆ ಎರಡು ಮಾತು. ಬಂಗಾರಪೇಟೆ ಅಂದ್ರೆ ಬಂಗಾರದಿಂದ ಬಂದ ಹೆಸರು ಅಂದ್ಕೋತಾರೆ ಎಲ್ಲರೂ. ಮೊದಲು ಅದು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರು. ಅಲ್ಲಿಂದ ಕೆಜಿಎಫ್‌ನ ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಬಂತು. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ನಡೆಸಿದ ಗಣಿಗಳಿಗೆ ಸಾಮಾನು, ಜನ ಎಲ್ಲಾ ಬರ್ತಿದ್ದಿದ್ದು ಈ ಕವಲು ದಾರಿಯಲ್ಲೇ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಮೇಸ್ತ್ರಿಗಳು ತಮ್ಮೂರಿಗೆ ಕಾಗದ ಬರೆದು ಉತ್ತರಕ್ಕೆ ವಾರಗಟ್ಟಲೆ ಕಾಯ್ತಿದ್ದ ಊರು ಇದು. ಸಮುದ್ರದಾಚೆಯ ಕಾಗದ ಕೆಜಿಎಫ್‌ಗೆ ಹೊಸದಲ್ಲ.

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ನೆಲದಡಿ 3 ಕಿಲೋಮೀಟರಿಗಿಂತ ಆಳ ಹೋಗಿದ್ದ ಗಣಿ. ಬೆಳಗ್ಗೆ ಗಂಡ ಕೇಜಿನಲ್ಲಿ ಇಳಿದರೆ ಪಾಳಿ ಮುಗಿದು ಮೇಲೆ ಬರೋವರೆಗೆ ಹೆಂಡತಿಗೆ ಯಾವ ಸುದ್ದಿಯೂ ಇಲ್ಲ. ಆಗಾಗ ಒಳಗೆ ಬಂಡೆ ಸಿಡಿದು ಲೈನು ಮನೆಗಳ ಪಾತ್ರೆ ಗಡಗಡ ಅನ್ನೋದು. ಹೆಂಗಸರೆಲ್ಲ ಒಲೆ ಮೇಲಿದ್ದದ್ದನ್ನು ಹಾಗೇ ಬಿಟ್ಟು ಶಾಫ್ಟಿನ ಕಡೆ ಓಡೋರು. ಅಜ್ಜಿ ಹೇಳ್ತಿದ್ದರು: "ಯಾರೂ ಅಳ್ತಿರಲಿಲ್ಲ. ಮೊದಲು ಬರೋ ಕೇಜಿನಲ್ಲಿ ಯಾರಿದ್ದಾರೆ ಅಂತ ನೋಡೋದಷ್ಟೇ."

ಅಂಥ ಮನೆಯಿಂದ ದೊಡ್ಡಪ್ಪ ಸೇರಿದ್ದು ಮದ್ರಾಸ್ ಸ್ಯಾಪರ್ಸ್‌ಗೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಹೋಗೋರಿಗೆ ಗೊತ್ತು, ಎಂ.ಇ.ಜಿ. ಅಂತೀವಲ್ಲ ಅದೇ. 1780ರಲ್ಲಿ ಹುಟ್ಟಿದ ದಳ, ಬೆಂಗಳೂರಿಗೆ ಬಂದಿದ್ದು 1834ರಲ್ಲಿ. ಅದರ ಹಳೇ ಹೆಸರು ಸ್ಯಾಪರ್ಸ್ ಅಂಡ್ ಮೈನರ್ಸ್. "ಅಪ್ಪ ಮೈನಿಗಿಳಿದು ಬಂಗಾರ ಹುಡುಕಿದ್ರು, ನಾನು ರೋಡಲ್ಲಿ ಮೈನ್ ಹುಡುಕಿದೆ" ಅಂತ ದೊಡ್ಡಪ್ಪ ಈಗಲೂ ನಗ್ತಾರೆ.

1987

1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ನಮ್ಮ ಪಡೆ ಶ್ರೀಲಂಕಾಕ್ಕೆ ಇಳೀತು. ಸಿಕಂದರಾಬಾದಿನಲ್ಲಿದ್ದ 54ನೇ ಡಿವಿಷನ್ನಿನವರು ಮೊದಲು ಹೋದವರು, ದೊಡ್ಡಪ್ಪನೂ ಅದರ ಜೊತೆಗೆ. ಹೊರಡೋ ಮೊದಲು ಬರೆದ ಕಾಗದದಲ್ಲಿ "ಬೇರೆ ಕಡೆ ಹೋಗುತ್ತಿದ್ದೇವೆ, ವಿಳಾಸ ಇದು" ಅಂತ ಮಾತ್ರ ಇದೆ. ಎಲ್ಲಿಗೆ ಅನ್ನೋದು ಪೇಪರ್ ನೋಡಿ ತಾತ ಊಹಿಸಿದರು.

ಕಾಗದ ಬರೆಯೋ ಭಾಷೆ ನಿಮಗೆ ಖುಷಿ ಕೊಡಬಹುದು. ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಅಜ್ಜಿಗೆ ಓದು ಬರದು, ಆಡೋದು ತೆಲುಗು. ದೊಡ್ಡಪ್ಪನಿಗೆ ತೆಲುಗು ಲಿಪಿ ಬಾರದು. ಹಾಗಾಗಿ ಕಾಗದವೆಲ್ಲ ಕನ್ನಡ ಅಕ್ಷರದಲ್ಲಿ ಬರೆದ ತೆಲುಗು! ತಾತನಿಗೆ ಬರೆದ ಸಾಲು ಮಾತ್ರ "ತೀರ್ಥರೂಪು ತಂದೆಯವರಿಗೆ" ಅಂತ ಅಪ್ಪಟ ಕನ್ನಡ. ಬೊಲೋನಿನ ಆ ಸೆನ್ಸಾರ್ ಕೈಗೆ ಇಂಥದ್ದೊಂದು ಸಿಕ್ಕಿದ್ದರೆ ಕೆಲಸ ಬಿಟ್ಟು ಓಡಿಹೋಗ್ತಿದ್ದನೇನೋ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವವರನ್ನು ಕಂಡ್ರೆ ರೇಗಾಡ್ತಿದ್ದ ನಾನು ಅವತ್ತಿಂದ ಸ್ವಲ್ಪ ಮೆತ್ತಗಾಗಿದ್ದೀನಿ :-)

ಓದಿ ಹೇಳೋದು, ಅಜ್ಜಿ ಹೇಳಿದ್ದನ್ನು ಬರೆಯೋದು ಅಪ್ಪನ ಕೆಲಸ. ಅವರಿಗಾಗ ಹದಿನೇಳು ವರ್ಷ, ಪಿಯುಸಿ. ಪ್ರತಿ ಕಾಗದದ ಮೂಲೆಯಲ್ಲಿ ದೊಡ್ಡಪ್ಪ ಒಂದು ಸಂಖ್ಯೆ ಹಾಕ್ತಿದ್ದರು. 1, 2, 3 ಅಂತ. ವಾರಕ್ಕೊಂದು. ಯಾವುದಾದರೂ ಬರದಿದ್ದರೆ ಗೊತ್ತಾಗಲಿ ಅಂತ. ಟಿಸಿಪಿ ಪ್ಯಾಕೆಟ್ಟಿಗೆ ಸೀಕ್ವೆನ್ಸ್ ನಂಬರ್ ಇರುತ್ತಲ್ಲ, ಥೇಟ್ ಅದೇ. ಓದು ಬರದ ಅಜ್ಜಿಗೆ ಅಂಕಿ ಚೆನ್ನಾಗಿ ಗೊತ್ತಿತ್ತು, ರೇಷನ್ ಕಾರ್ಡು ನೋಡಿ ನೋಡಿ. ಕಾಗದ ಬಂದ ಕೂಡಲೇ ಮೊದಲು ನೋಡ್ತಿದ್ದಿದ್ದು ಆ ಸಂಖ್ಯೆ. ಆಮೇಲೆ "ತಾರೀಖು ಎಷ್ಟು ನೋಡು" ಅಂತ ಅಪ್ಪನನ್ನು ಕೇಳೋರು. ಒಳಗೇನಿದೆ ಅನ್ನೋದು ಆಮೇಲಿನ ಮಾತು. ಆ ತಾರೀಖಿನ ದಿನ ಮಗ ಪೆನ್ನು ಹಿಡಿದಿದ್ದ, ಅಷ್ಟು ಗ್ಯಾರಂಟಿ.

ಒಳಗೇನೂ ಇರಲೂ ಇಲ್ಲ ಅನ್ನಿ. ಇಲ್ಲಿ ಮಳೆ. ಊಟ ಚೆನ್ನಾಗಿದೆ. ತೆಂಗಿನ ಮರ ಬಹಳ. ತಮ್ಮನಿಗೆ ಗಣಿತ ಓದಲು ಹೇಳಿ. ಮನಿ ಆರ್ಡರ್ ಬಂದರೆ ಅದರ ಕೂಪನ್ನಿನಲ್ಲಿ ಎರಡು ಸಾಲು. ಎರಡು ವರ್ಷದ ಕಾಗದ ಓದಿದರೂ ಅಲ್ಲೊಂದು ಯುದ್ಧ ನಡೀತಿತ್ತು ಅನ್ನೋ ಸುಳಿವೇ ಇಲ್ಲ.

ಆದರೆ ಯುದ್ಧ ಬಂದಿತ್ತು. ಅಕ್ಟೋಬರ್ ಎರಡನೇ ವಾರ ಎಲ್‌ಟಿಟಿಇ ಜೊತೆಗೇ ಹೋರಾಟ ಶುರುವಾಯ್ತು, ಆಪರೇಷನ್ ಪವನ್. 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ 29 ಜನ ಸತ್ತರು. ಜಾಫ್ನಾ ಕಡೆಯ ರಸ್ತೆಗಳ ತುಂಬ ನೆಲಬಾಂಬು. ಅದನ್ನು ಹುಡುಕಿ ತೆಗೆಯೋದು ಸ್ಯಾಪರ್‌ಗಳ ಕೆಲಸ.

ಚಾಂಪಿಯನ್ ರೀಫ್‌ನ ಲೈನಿನಲ್ಲಿ ನಮ್ಮ ಪಕ್ಕದ ಮನೆಯವರು ತಮಿಳರು. ಅಪ್ಪ ಅವರನ್ನು ರೇಡಿಯೋ ಮಾಮ ಅಂತಾರೆ. ದಿನಾ ರಾತ್ರಿ ಬಿಬಿಸಿಯ ತಮಿಳೋಸೈ ಹಾಕ್ತಿದ್ದರು, ಅರ್ಧ ಲೈನು ಅವರ ಬಾಗಿಲಲ್ಲಿ. ಲಂಕೆಯ ತಮಿಳರ ಕಷ್ಟ ಕೇಳಿ ಅವರಿಗೆ ಕಣ್ಣಲ್ಲಿ ನೀರು ಬರೋದು. ಹುಡುಗರು ಅವರಿಗಾಗಿ ಚಂದಾ ಎತ್ತಿದರೆ ಇವರೂ ಕೊಡೋರು. ಈಗ ನೋಡಿದರೆ ಆ ಹುಡುಗರೆದುರು ಬಂದೂಕು ಹಿಡಿದು ನಿಂತಿರೋದು ಪಕ್ಕದ ಮನೆಯ ಹುಡುಗ! ಅವರ ಮನಸ್ಸಿನಲ್ಲಿ ಏನಾಯ್ತೋ. ಅಕ್ಟೋಬರ್ ಮಧ್ಯದಲ್ಲಿ ಒಂದು ರಾತ್ರಿ ರೇಡಿಯೋ ನಿಂತಿತು. ಅಜ್ಜಿ ಕೇಳಿದರೆ "ಬ್ಯಾಟರಿ ಮುಗಿದಿದೆಮ್ಮಾ, ಸಂಬಳ ಬಂದ ಮೇಲೆ ತರಬೇಕು" ಅಂದರಂತೆ. ಎರಡು ವಾರ ಬ್ಯಾಟರಿ ಬರಲಿಲ್ಲ. ಆ ಎರಡು ವಾರ ಮಾಮ ಪಕ್ಕದ ಲೈನಿನ ಇನ್ನೊಬ್ಬರ ಮನೆಗೆ ಹೋಗಿ ಸಣ್ಣ ದನಿಯಲ್ಲಿ ಸುದ್ದಿ ಕೇಳಿ ಬರ್ತಿದ್ದರು ಅನ್ನೋದು ಅಪ್ಪನಿಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು.

ಕಾಗದವೂ ನಿಂತಿತ್ತು. 8ನೇ ಕಾಗದದ ತಾರೀಖು ಅಕ್ಟೋಬರ್ 5. ಆಮೇಲೆ ಇಲ್ಲ. ಆಗ ಎಲ್ಲರಿಗೂ ಒಂದೇ ಭಯ, ತಂತಿ. ಅವತ್ತಿನ ಕಾಲಕ್ಕೆ ತಂತಿ ಬಂತು ಅಂದ್ರೆ ಬಿಚ್ಚೋ ಮೊದಲೇ ಮನೆಯಲ್ಲಿ ಅಳು ಶುರು. ನಮ್ಮ ಲೈನಿನ ಪೋಸ್ಟ್‌ಮನ್ ಇದನ್ನು ತಿಳಿದು, ಬೀದಿ ತುದಿಯಿಂದಲೇ "ಬರೀ ಕಾಗದಾ, ಬರೀ ಕಾಗದಾ" ಅಂತ ಕೂಗಿಕೊಂಡು ಬರೋರಂತೆ. ಆ ಒಂದು ತಿಂಗಳು ನಮ್ಮ ಮನೆ ಮುಂದೆ ಬಂದಾಗ ಅವರು ತಲೆ ತಗ್ಗಿಸಿ ಸೈಕಲ್ ಜೋರಾಗಿ ತುಳಿಯೋರು.

ನವೆಂಬರ್‌ನಲ್ಲಿ ಕಾಗದ ಬಂತು. ತಾರೀಖು ನವೆಂಬರ್ 2. ಮೂಲೆಯಲ್ಲಿ ಸಂಖ್ಯೆ 12. ಮೊದಲ ಸಾಲು, ಹಿಂದಿನ ಮೂರು ಕಾಗದ ತಲುಪಿರಬೇಕು, ಅವುಗಳಲ್ಲಿ ಎಲ್ಲಾ ವಿವರವಾಗಿ ಬರೆದಿದ್ದೇನೆ ಅಂತ. 9, 10, 11 ಬಂದೇ ಇರಲಿಲ್ಲ! ಅಜ್ಜಿ ಸಮಾಧಾನವಾಗಿ ಉಸಿರುಬಿಟ್ಟು, ಮರುದಿನ ಪೋಸ್ಟ್‌ಮನ್ ಮೇಲೆ ಜಗಳಕ್ಕೆ ಹೋದರು. "ನನ್ನ ಮಗ ಬರೆದ ಮೂರು ಕಾಗದ ಎಲ್ಲಿ?" ಆ ಮನುಷ್ಯ ರಿಟೈರ್ ಆಗೋವರೆಗೂ ಈ ಮೂರು ಕಾಗದದ ಬೈಗುಳ ತಿಂದರು ಪಾಪ.

ದೊಡ್ಡಪ್ಪ ಹೇಳಿದ್ದು

ಕಳೆದ ತಿಂಗಳು ಕಂತೆ ಹಿಡಿದುಕೊಂಡು ದೊಡ್ಡಪ್ಪನ ಮನೆಗೆ ಹೋದೆ. "ದೊಡ್ಡಪ್ಪ, ಆ ಮೂರು ಕಾಗದದಲ್ಲಿ ಏನಿತ್ತು? ನೆನಪಿದೆಯಾ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದಿದ್ರೆ ತಾನೇ ಇರೋದು" ಅಂದರು.

ಬರೆದೇ ಇರಲಿಲ್ಲ. "ಆ ಮೂರು ವಾರ ರೋಡ್ ಮೇಲೇ ಇದ್ವಿ ಕಣೋ. ಜೊತೆಗಿದ್ದ ಇಬ್ಬರು ಹೋದ್ರು. ಪೆನ್ನು ಹಿಡಿಯೋ ಸ್ಥಿತಿಯಲ್ಲಿ ಯಾರಿದ್ರು? ಆಮೇಲೆ ಬರೆಯೋಕೆ ಕೂತಾಗ ಯೋಚನೆ ಬಂತು. 8 ಆದಮೇಲೆ 9 ಅಂತ ಹಾಕಿದ್ರೆ, ಒಂದು ತಿಂಗಳು ಮಗ ಬರೀಲಿಲ್ಲ, ಏನೋ ಆಗಿದೆ ಅಂತ ನಿಮ್ಮಜ್ಜಿಗೆ ಗೊತ್ತಾಗುತ್ತೆ. ಅವಳು ನಂಬರ್ ಲೆಕ್ಕ ಇಡೋಳು. 12 ಅಂತ ಹಾಕಿದ್ರೆ ತಪ್ಪು ಪೋಸ್ಟಾಫೀಸಿನದು. ನಾನು ಆರಾಮಾಗಿದ್ದೆ ಅಂತಾಯ್ತು."

ನಾನು ಬಾಯಿ ಮುಚ್ಚಿ ಕೂತೆ. ದೊಡ್ಡಪ್ಪ ಮುಂದುವರಿಸಿ, "ನಿಮ್ಮಪ್ಪನೇನು ಕಮ್ಮಿಯಾ? ಅವನ್ನೂ ಕೇಳು" ಅಂದರು.

ಕೇಳಿದೆ. ಅದೇ ನವೆಂಬರ್‌ನಲ್ಲಿ ತಾತನಿಗೆ ಎದೆನೋವು ಬಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನ ಮಲಗಿದ್ದರಂತೆ. ಅಜ್ಜಿ ಕಾಗದದಲ್ಲಿ ಬರೆಸಿದ್ದು: "ಅಪ್ಪ ಬೆಂಗಳೂರಿಗೆ ಮದುವೆಗೆ ಹೋಗಿದ್ದಾರೆ, ಬಂದ ಮೇಲೆ ಬರೆಯುತ್ತಾರೆ." ಅಪ್ಪ ಅದನ್ನು ನಿಜ ಅನ್ನಿಸೋ ಹಾಗೆ ಮದುವೆ ಊಟದ ವಿವರವನ್ನೂ ಸೇರಿಸಿದರಂತೆ. ಮುಂದಿನ ವರ್ಷ ರಜಕ್ಕೆ ಬಂದಾಗ, ತಾತ ಮಾತ್ರೆ ನುಂಗೋದು ನೋಡಿ ದೊಡ್ಡಪ್ಪನಿಗೆ ತಿಳಿದದ್ದು.

ಈಗ ಲೆಕ್ಕ ಹಾಕಿ. ಮಗ ತಾಯಿಗೆ ಸುಳ್ಳು ಹೇಳಿದ. ತಾಯಿ ಮಗನಿಗೆ ಸುಳ್ಳು ಹೇಳಿಸಿದಳು. ನೆರೆಯವ ರೇಡಿಯೋ ಆಫ್ ಮಾಡಿದ. ಸೇನೆ ಮುಚ್ಚಿಟ್ಟಿದ್ದು ಊರಿನ ಹೆಸರೊಂದನ್ನು, ಅದನ್ನೂ ತಾತ ಪೇಪರ್ ನೋಡಿ ಕಂಡುಹಿಡಿದಿದ್ದರು. ಉಳಿದ ಕತ್ತರಿಯೆಲ್ಲ ಆಡಿಸಿದ್ದು ಮನೆಯವರೇ. ಸೈನಿಕರ ಕಾಗದದ ಇತಿಹಾಸ ಬರೆಯೋರು ಸೆನ್ಸಾರ್ ಕಚೇರಿಯ ಬಗ್ಗೆ ಬರೀತಾರೆ. ಅಲ್ಲಿ ದಾಖಲೆ ಇದೆ, ಸರಿ. ಆದರೆ ಸೆನ್ಸಾರ್ ಕೈಗೆ ಹೋಗೋ ಮೊದಲೇ ಎಷ್ಟು ಮಾತು ಕತ್ತರಿಸಿ ಹೋಗಿರುತ್ತೆ ಅನ್ನೋದಕ್ಕೆ ದಾಖಲೆ ಎಲ್ಲಿದೆ? ಫ್ರಾನ್ಸಿನಿಂದ, ಹೈಫಾದಿಂದ, ಕಾಂಗೋದಿಂದ "ಕ್ಷೇಮ" ಅಂತ ಬಂದ ಕಾಗದಗಳಲ್ಲಿ ಎಷ್ಟು ನಮ್ಮ ದೊಡ್ಡಪ್ಪನ 12ನೇ ಕಾಗದದಂಥವು?

ಮೊದಲು ನನಗೆ ಇದು ಬೇಜಾರಾಯ್ತು. ಎರಡು ವರ್ಷದ ಕಾಗದ, ಅದರಲ್ಲಿ ನಿಜ ಯಾವುದು ಅಂತ. ಆಮೇಲೆ ಅನ್ನಿಸ್ತು, ತಾರೀಖು ನಿಜ. ಸಹಿ ನಿಜ. ಅಜ್ಜಿ ಓದ್ತಿದ್ದಿದ್ದು ಅಷ್ಟನ್ನೇ ತಾನೇ?

ಆಮೇಲೆ

ದೊಡ್ಡಪ್ಪ 1989ರಲ್ಲಿ ವಾಪಸ್ ಬಂದರು. ಕೊನೆಯ ತುಕಡಿ ಲಂಕೆ ಬಿಟ್ಟಿದ್ದು 1990ರ ಮಾರ್ಚ್ 24ರಂದು. ಸುಮಾರು 1,200 ಮಂದಿ ಬರಲಿಲ್ಲ. ಬಂದವರನ್ನು ಮದ್ರಾಸಿನಲ್ಲಿ ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರ ಮೇಲೆ ಗುಂಡು ಹಾರಿಸಿದ ಸೇನೆ ಅನ್ನೋ ಸಿಟ್ಟು. ಚಾಂಪಿಯನ್ ರೀಫ್‌ನ ಲೈನಿನಲ್ಲಿ ದೊಡ್ಡಪ್ಪನನ್ನು ಮೊದಲು ನೋಡಲು ಬಂದಿದ್ದು ರೇಡಿಯೋ ಮಾಮ. ಲಂಕೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲವಂತೆ. "ಊಟ ಮಾಡ್ದೆಯಾ ತಂಬಿ?" ಅಂದು ಪಕ್ಕದಲ್ಲಿ ಕೂತರಂತೆ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಮಾರಿಕುಪ್ಪಂ ರೈಲು ಈಗ ಕಾಗದದ ಚೀಲಕ್ಕಿಂತ ಹೆಚ್ಚಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋರನ್ನು ಹೊತ್ತು ತಿರುಗುತ್ತೆ.

ನನ್ನ ಕಾಲೇಜು ಗೆಳತಿಯ ಗಂಡ ಸೇನೆಯಲ್ಲಿದ್ದಾರೆ. ವಿಶ್ವಸಂಸ್ಥೆಯ ಪಡೆಯ ಜೊತೆ ಒಂದು ವರ್ಷ ದಕ್ಷಿಣ ಸುಡಾನಿನಲ್ಲಿದ್ದು ಬಂದರು. ದಿನಾ ವಾಟ್ಸಾಪ್, ನೆಟ್‌ವರ್ಕ್ ಇದ್ದ ದಿನ ವಿಡಿಯೋ ಕಾಲ್. ಈಗಲೂ ಕಾವಲು ಇದೆ. 2020ರಲ್ಲಿ ಸೇನೆ ಫೇಸ್‌ಬುಕ್ ಸೇರಿದಂತೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ ಅಂದಿತ್ತು. "ಈಗ ನಿಂಗೆ ಎಷ್ಟು ಸುಲಭ ಅಲ್ವಾ, ಮುಖಾನೇ ಕಾಣುತ್ತೆ" ಅಂದೆ. ಅವಳು ಹೇಳಿದ್ದು: "ಮಾತಾಡೋದಕ್ಕಿಂತ ಹೆಚ್ಚು ಹೊತ್ತು ನೋಡೋದು ಲಾಸ್ಟ್ ಸೀನ್ ಎಷ್ಟಕ್ಕೆ ಅಂತ. ರಾತ್ರಿ ಎದ್ದು ಎದ್ದು ನೋಡ್ತಿದ್ದೆ. ಮಗೂಗೆ ಜ್ವರ ಬಂದಿದ್ದು ಅವರಿಗೆ ಹೇಳಲೇ ಇಲ್ಲ." ಅಜ್ಜಿ ತಾರೀಖು ಕೇಳ್ತಿದ್ದರು, ಇವಳು ಲಾಸ್ಟ್ ಸೀನ್ ನೋಡ್ತಾಳೆ. ಅಷ್ಟೇ ವ್ಯತ್ಯಾಸ.

ಕಂತೆಯನ್ನು ಮತ್ತೆ ಅದೇ ಸೀರೆ ಅಂಚಿನಲ್ಲಿ ಕಟ್ಟಿ ಟ್ರಂಕಿಗೆ ಹಾಕಿದ್ದೀವಿ. ಸ್ಕ್ಯಾನ್ ಮಾಡಿ ಇಡ್ತೀನಿ ಅಂದೆ, ಅಪ್ಪ ಒಪ್ಪಿದ್ದಾರೆ. ಇಲ್ಲಿ ಹಾಕೋಕೆ ದೊಡ್ಡಪ್ಪ ಒಪ್ಪಲಿಲ್ಲ. ಅವರ ಇಷ್ಟ. "ಪೋಸ್ಟ್‌ಮನ್‌ಗೆ ಮಾತ್ರ ಒಂದು ಮಾತು ಹೇಳ್ಬೇಕಿತ್ತು ಕಣೋ" ಅಂದರು ಹೊರಡುವಾಗ. ಆ ಪೋಸ್ಟ್‌ಮನ್ ತೀರಿಕೊಂಡು ಬಹಳ ವರ್ಷವಾಯ್ತು.

ನಿಮ್ಮ ಮನೆಗಳ ಅಟ್ಟದ ಮೇಲೂ ಇಂಥ ಕಂತೆಗಳಿರಬಹುದು. ಸೇನೆಯದ್ದೇ ಆಗಬೇಕಿಲ್ಲ, ದುಬೈಯದ್ದೋ ಬೊಂಬಾಯಿಯದ್ದೋ ಆದರೂ ಸರಿ. ಇದ್ದರೆ ಒಮ್ಮೆ ಇಳಿಸಿ ನೋಡಿ, ಬರೆದವರು ಇನ್ನೂ ಇದ್ದರೆ ಹೋಗಿ ಕೇಳಿ. ಆಮೇಲೆ ಇಲ್ಲಿ ಬಂದು ಎರಡು ಸಾಲು ಬರೆಯಿರಿ.

ಇದನ್ನು ಟೈಪ್ ಮಾಡ್ತಾ ಇರುವಾಗಲೇ ಅಮ್ಮನ ಫೋನು ಬಂತು. ರಾತ್ರಿ ಹತ್ತೂವರೆ. "ಊಟ ಆಯ್ತೇನೋ?" ಅಂದರು. ಇನ್ನೂ ಆಫೀಸಿನಲ್ಲೇ ಇದ್ದೀನಿ, ಏನೂ ತಿಂದಿಲ್ಲ.

"ಆಯ್ತಮ್ಮಾ" ಅಂದೆ.